ಗುಳಿಗೆಗೆ ಮೊದಲು ರೊಟ್ಟಿ

ನರ್ಸ್ ಸುಮಿತ್ರಾಬಾಯಿ ಮೊದಲು ಹೆದರಿಕೆ ಕೊಡುತ್ತಿದ್ದರು, ಆಮೇಲೆ ಗುಳಿಗೆ.

"ನೋಡು, ಹೊಟ್ಟಿ ತೊಳಸತೈತಿ. ವಾಂತಿ ಬಂದ್ರೂ ಬಂತು. ಮೈತುಂಬ ತುರಿಕಿ ಎದ್ರ, ತುಟಿ ಬಾತ್ರ, ಉಸಿರು ಹಿಡದ್ರ ತಡಾ ಮಾಡದ ನನ್ನ ಕಡೆ ಓಡಿ ಬಾ. ರೊಟ್ಟಿ ತಿಂದು ನುಂಗು, ತಂಬಿಗಿ ನೀರ ಕುಡಿ, ಅರ್ಧ ತಾಸು ಅಡ್ಡಾಗಬ್ಯಾಡ."

ನಮ್ಮೂರು ಜುಗೂಳದಲ್ಲಿ ಈ ಪಾಠ ಕೇಳದ ಕಿವಿ ಇರಲಿಲ್ಲ. "ಈಕಿ ಔಷಧ ಕೊಡತಾಳೋ ಅಂಜಸತಾಳೋ!" ಎಂದು ನಮ್ಮವ್ವ ಗೊಣಗುತ್ತಿದ್ದಳು. ಬಾಯಾರು ಕೇಳಿಸಿಕೊಂಡು ನಗುತ್ತಿದ್ದರು. ಸದಲಗಾದಿಂದ ದಿನಾ ಬಸ್ಸಿಗೆ ಬರುವ ಹೆಂಗಸು, ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ಬಾಯಾರ ಮುಂದೆ ನುಂಗಿದ ಹಾಗೆ ಮಾಡಿ ತಿಪ್ಪೆಗೆ ಉಗುಳುವ ನಮ್ಮ ಚಾಳಿ ಅವರಿಗೆ ಚೆನ್ನಾಗಿ ಗೊತ್ತು. "ಬಾಯಿ ತಗಿ. ನಾಲಿಗಿ ಎತ್ತು" ಅನ್ನುತ್ತಿದ್ದರು. ಪಂಚಾಯ್ತಿ ಅಧ್ಯಕ್ಷರಿಗೂ ನಾಲಿಗೆ ಎತ್ತಿಸಿದ ಪುಣ್ಯಾತ್ಗಿತ್ತಿ ಅವರು!

ಕೃಷ್ಣೆ ಉಕ್ಕಿ ಊರೊಳಗೆ ಬಂದ ವರ್ಷ ನಾವೆಲ್ಲ ಸಾಲಿಯ ಕಾಳಜಿ ಕೇಂದ್ರದಲ್ಲಿದ್ದೆವು. ಎಮ್ಮೆಗಳು ದಿಬ್ಬದ ಮೇಲೆ. ಗಂಡಸರು ಅವುಗಳ ಮೇವಿಗೆ ಕಬ್ಬಿನ ಸೋಗೆ ಹೊತ್ತು, ಸೊಂಟದ ಮಟ್ಟದ ರಾಡಿ ನೀರಲ್ಲಿ ದಿನಾ ಓಡಾಡುತ್ತಿದ್ದೆವು. ಎಲ್ಲರ ಕಾಲಲ್ಲೂ ಕೂಳೆ ಕುಯ್ದ ಗಾಯ. ಆ ನೀರಿನಿಂದ ಇಲಿಜ್ವರ ಬಂದರೆ ಜೀವಕ್ಕೇ ಸಂಚಕಾರ ಎಂದು ಬಾಯಾರು ದೊಡ್ಡವರಿಗೆ ಒಂದು ಡೋಸ್ ಆಂಟಿಬಯೋಟಿಕ್ ತಂದರು. ಮೊದಲು ಸಿಕ್ಕವನು ನಾನು. ಪಾಠ ಹೇಳಿದರು. ನಾನು ಸೋಗೆಯ ಹೊರೆ ಎತ್ತುವ ಅವಸರದಲ್ಲಿ, ಬಾಯಿ ತೋರಿಸಲು ನಿಲ್ಲದೆ ಗುಳಿಗೆ ಇಸಕೊಂಡು ಹೊರಟೆ. "ಮಾರುತಿ, ಉಂಡು ನುಂಗೋ" ಎಂದು ಬೆನ್ನ ಹಿಂದೆ ಮತ್ತೊಮ್ಮೆ ಕೂಗಿದರು. ನಾನು ಹೊರಗೆ ಹೋಗಿ, ಬರಿ ಹೊಟ್ಟೆಯಲ್ಲಿ ಒಂದು ಗುಟುಕು ಚಹಾದ ಜೊತೆ ನುಂಗಿಬಿಟ್ಟೆ.

ಅರ್ಧ ದಾರಿಗೆ ಹೊಟ್ಟೆ ತೊಳಸಿತು. ಎದೆಯಲ್ಲಿ ಉರಿ. ವಾಂತಿ ಮಾಡಿಕೊಳ್ಳುತ್ತ ವಾಪಸ್ ಬಂದು ಸಾಲಿಯ ಅಂಗಳದಲ್ಲೇ ಕುಸಿದೆ. "ಗುಳಿಗಿಯಾಗ ವಿಷಾ ಐತಿ!" ಎಂದು ಒದರಿದೆ. ಅವ್ವ ಎದೆ ಬಡಿದುಕೊಂಡು ಅತ್ತಳು. ಮುದತ್ತು ಮುಗಿದ ಮಾಲು ಅಂತ ಯಾರೋ ಅಂದರು. ಜನ ಕೈಯಲ್ಲಿದ್ದ ಗುಳಿಗೆಗಳನ್ನು ರಾಡಿಗೆ ಎಸೆದರು.

ಬಾಯಾರು ಬಂದು ನಾಡಿ ಹಿಡಿದರು. "ಏನ್ ತಿಂದಿದ್ದೋ?"

"ಏನಿಲ್ಲ."

"ತಿಂದು ನುಂಗು ಅಂತ ಹೇಳಿದ್ನಲ್ಲ?"

ಇಡೀ ಊರು ನನ್ನನ್ನೇ ನೋಡುತ್ತಿತ್ತು. ನಾಚಿಕೆಯಾಯಿತು. "ಇಲ್ಲಬಿಡ್ರಿ, ನನಗ ಯಾರೂ ಹೇಳಲಿಲ್ಲ" ಅಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಜನರ ಕಡೆ ತಿರುಗಿದರು. "ಹೌದ್ರಿ, ಇವಗ ಹೇಳೂದು ಮರತೆ. ತಪ್ಪು ನಂದು. ಗುಳಿಗೀದಲ್ಲ."

ಅವತ್ತು ಶ್ರಾವಣ ಸೋಮವಾರ. ಹೊತ್ತು ಮುಳುಗುವ ತನಕ ಬಾಯಾರು ಏನೂ ಮುಟ್ಟುವವರಲ್ಲ, ಊರಿಗೇ ಗೊತ್ತು. ಅಂಥವರು ಅವ್ವನ ಗಂಟಿನಿಂದ ರೊಟ್ಟಿ ಇಸಕೊಂಡು, ಎಲ್ಲರ ಎದುರು ಕೂತು ತಿಂದರು. ಗುಳಿಗೆ ನುಂಗಿ, ತಂಬಿಗೆ ನೀರು ಕುಡಿದು, ಬಾಯಿ ತೆಗೆದು ತಮ್ಮ ನಾಲಿಗೆ ತಾವೇ ಎತ್ತಿ ತೋರಿಸಿದರು. ಒಂದು ತಾಸಿಗೆ, ಅಯ್ಯೋ ದೇವರೇ, ಅವರಿಗೂ ವಾಂತಿ! ನಳದ ಹತ್ತಿರ ಹೋಗಿ ಕಕ್ಕಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದರು. "ಉಂಡ್ರೂ ಒಬ್ಬೊಬ್ಬರಿಗೆ ಹಿಂಗ ಆಗತೈತಿ. ಆತು, ಹೋತು. ಸತ್ನೇನು?"

ಮೊದಲು ನಕ್ಕವಳು ನಮ್ಮವ್ವ. ಅವಳೇ ಮೊದಲು ರೊಟ್ಟಿ ಮುರಿದು, ಬಾಯಾರ ಚೀಲದಲ್ಲಿ ಉಳಿದಿದ್ದ ಗುಳಿಗೆಗೆ ಕೈ ಚಾಚಿದಳು. ಸಂಜೆಯೊಳಗೆ ಎಲ್ಲರೂ ನುಂಗಿದರು. ಆ ಸಲ ನಮ್ಮೂರಲ್ಲಿ ಇಲಿಜ್ವರಕ್ಕೆ ಯಾರೂ ಸಾಯಲಿಲ್ಲ.

ನಿವೃತ್ತಿಯ ದಿನ ಅವರ ಕಾಲು ಮುಟ್ಟಿದೆ. ನಾಲಿಗೆ ತುದಿಗೆ ಬಂದ ಮಾತು ಹೊರಬೀಳಲಿಲ್ಲ. ಅವರೂ ಕೇಳಲಿಲ್ಲ, ತಲೆ ಸವರಿ ಬಸ್ಸು ಹತ್ತಿದರು. ನಾನು ಎಂಥಾ ಹೇಡಿ!

ಹೋದ ವರ್ಷ ತೀರಿಕೊಂಡರು. ಸಾಲಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಹಾಲಿನ ಡೇರಿಯ ಅಣ್ಣಪ್ಪ ಕಣ್ಣೊರೆಸಿಕೊಂಡು ಹೇಳಿದ: "ಅಷ್ಟು ವರ್ಷದಾಗ ಬಾಯಾರು ಒಂದ ಸಲ ಹೇಳೂದು ಮರತ್ರು, ಆ ನೀರು ಬಂದ ವರ್ಷ. ಮನಷ್ಯಾರಲ್ರಿ, ಮರೀತಾರ."

ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಮರತಿರಲಿಲ್ರಿ," ಅಂದೆ. "ನನಗ ಎರಡ ಸಲ ಹೇಳಿದ್ರು."