ಮನೆ ಬಿಟ್ಟು ಮುಟ್ಟುವ ತನಕ

ನವಲಗುಂದದಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟಿದ್ದ ಕಾಕಾ, ಕನ್ನಡಕವನ್ನು ಹಣೆಗೇರಿಸಿ ಎಲ್ಲರನ್ನೂ ಕೇಳುತ್ತಿದ್ದರು: "ಮನಿ ಬಿಟ್ಟು ಮುಟ್ಟೂತನಕ ಎಷ್ಟು ತಾಸು? ಅದನ್ನ ಹೇಳ್ರಿ."

ಮುಂಬೈಯಲ್ಲಿ ತಂಗಿಗೆ ಮರುದಿನ ಹತ್ತಕ್ಕೆ ಹೃದಯದ ಶಸ್ತ್ರಚಿಕಿತ್ಸೆ ಎಂದು ಫೋನು ಬಂದಾಗ, ಅವ್ವನೊಂದಿಗೆ ಅವರ ಬಳಿಗೆ ಓಡಿದೆ.

"ನಾಳಿನ ವಿಮಾನಕ್ಕ ಟಿಕೆಟ್ ತೆಗೀರಿ ಕಾಕಾ. ಹುಬ್ಬಳ್ಳಿಯಿಂದ ಬರೇ ಒಂದೂವರೆ ತಾಸು."

ಕಾಕಾ ಬೆರಳು ಮಡಚಿ ಎಣಿಸಿದರು. "ವಿಮಾನ ಬಿಡೂದ ಎಂಟಕ್ಕ. ಇಳದು ದವಾಖಾನಿ ಮುಟ್ಟೂದ್ರಾಗ ಹನ್ನೊಂದು ದಾಟತೈತ್ರಿ. ಸಂಜಿ ಬಸ್ಸಿಗೆ ಹ್ವಾದ್ರ ಮುಂಜಾನಿ ಎಂಟಕ್ಕ ಅಲ್ಲಿರ್ತೀರಿ. ಏಳ್ರಿ, ಹೋಗೂಣು."

ಅಂಗಡಿ ಮುಚ್ಚಿ, ತಮ್ಮ ಕಾರಿನಲ್ಲೇ ಹುಬ್ಬಳ್ಳಿಗೆ ಕರೆದೊಯ್ದು ಬಸ್ಸು ಹತ್ತಿಸಿದರು.

ತಂಗಿ ಈಗ ಆರಾಮಿದ್ದಾಳೆ. ಅವತ್ತು ಒಳಗೆ ಒಯ್ಯುವ ಮುನ್ನ ಅವ್ವನ ಕೈ ಹಿಡಿದು, "ನೀ ಬಂದೀ, ಇನ್ನ ನನಗ ಅಂಜಿಕಿಲ್ಲ" ಎಂದಳು. ಕಾಕಾ ಇರದಿದ್ದರೆ ಆ ಮಾತು ಕೇಳಲು ನಾವಿಬ್ಬರೂ ಅಲ್ಲಿರುತ್ತಿರಲಿಲ್ಲ.