ಮೇಸ್ತ್ರಿಯ ಎಡಗಾಲು

ನಮ್ಮ ಮೇಸ್ತ್ರಿಯ ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳಿದ್ದವು. ಎಡಪಾದ ಮಾತ್ರ ಬಿರುಬೇಸಗೆಯಲ್ಲೂ ತಣ್ಣಗೆ, ಬಿಳಿಚಿಕೊಂಡು ಇರುತ್ತಿತ್ತು. ಭದ್ರಾವತಿಯ ಎರಕದ ಶೆಡ್ಡಿನಲ್ಲಿ ನನಗೆ ಕೆಲಸ ಕಲಿಸಿದವರು ಅವರು. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಅದುಮಿ, ಮುರಿದು ನೋಡಿ ಹದ ತಿಳಿಯುವುದನ್ನು ಕಲಿಸಿದರು. ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿಸಲು ನೋಡಿದರು. ಎರಡನೆಯದು ನನಗೆ ಹತ್ತಲಿಲ್ಲ.

ಐವತ್ತು ಹೆಜ್ಜೆ ನಡೆದರೆ ಅವರ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಏನೋ ನೋಡುವವರಂತೆ ನಿಂತು ಬೀಡಿ ಹಚ್ಚುತ್ತಿದ್ದರು. ಆಸ್ಪತ್ರೆ ಎಂದರೆ ಮಾತು ಮರೆಸುತ್ತಿದ್ದರು. ಒಂದು ಮಧ್ಯಾಹ್ನ, ಕಾಲು ಮರಗಟ್ಟಿದೆ, ಸ್ವಲ್ಪ ಶಾಖ ಕೊಡು ಎಂದರು. ಕುಲುಮೆಯ ಪಕ್ಕದ ಇಟ್ಟಿಗೆಯೊಂದನ್ನು ಗೋಣಿಯಲ್ಲಿ ಸುತ್ತಿ, ಕೈಯಿಂದ ಮುಟ್ಟಿ ನೋಡಿ, ಅವರ ಹಿಮ್ಮಡಿಯ ಕೆಳಗಿಟ್ಟೆ. ಇಪ್ಪತ್ತು ವರ್ಷ ಬೆಂಕಿಯ ಹತ್ತಿರ ದುಡಿದು ಜಡ್ಡುಗಟ್ಟಿದ ಕೈ ನನ್ನದು. ಅದಕ್ಕೆ ಹಿತವಾಗಿಯೇ ಇತ್ತು. ಅವರ ಕಾಲಿಗೆ ಏನೂ ಗೊತ್ತಾಗಲಿಲ್ಲ. ಇಟ್ಟಿಗೆ ತೆಗೆದಾಗ ಚರ್ಮ ಗೋಣಿಗೆ ಅಂಟಿಕೊಂಡು ಬಂತು.

ಹದಿನೈದು ದಿನಕ್ಕೆ ಗಾಯ ಕಪ್ಪಾಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ತೊಡೆಯ ರಕ್ತನಾಳ ಕಟ್ಟಿದೆ, ಅದೇ ಕಾಲಿನಿಂದ ಇನ್ನೊಂದು ನಾಳ ತೆಗೆದು ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡುತ್ತೇವೆ, ಅದೂ ಕೆಲಸ ಮಾಡದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಆಮೇಲೆ, ರಕ್ತ ಓಡದ ಕಾಲಿಗೆ ಶಾಖ ಕೊಟ್ಟವರು ಯಾರು ಎಂದು ಗದರಿದರು. ಮೇಸ್ತ್ರಿಯ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಪಕ್ಕದಲ್ಲೇ ನಿಂತಿದ್ದರು.

“ನಾನೇ ಇಟ್ಕೊಂಡೆ ಡಾಕ್ಟ್ರೇ,” ಎಂದರು ಮೇಸ್ತ್ರಿ, ನನ್ನ ಕಡೆ ನೋಡದೆ.

ಆಪರೇಷನ್ ಐದು ಗಂಟೆ ಹಿಡಿಯಿತು. ಅಕ್ಕ ಬೆಂಚಿನ ತುದಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಹೇಳಿಬಿಡೋಣವೆಂದು ಮೂರು ಸಲ ಹತ್ತಿರ ಹೋದೆ. ಮೂರು ಸಲವೂ ಕಾಫಿ ತರಲಾ ಎಂದು ಕೇಳಿ ವಾಪಸು ಬಂದೆ. ಕಾಲು ಹೋದರೆ ಅದನ್ನು ತೆಗೆದವನು ನಾನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಕೊನೆಗೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಪಾದದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದ್ದ ಜಾಗ ತೋರಿಸಿ, ಬೆರಳಿಟ್ಟು ನೋಡಿ ಎಂದರು ನರ್ಸ್. ನಾಡಿ ಹೊಡೆದುಕೊಳ್ಳುತ್ತಿತ್ತು. ಪಾದ ಬೆಚ್ಚಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ.

“ಸಾಕು ಮಾರಾಯ,” ಎಂದರು ಮೇಸ್ತ್ರಿ ಮೆಲ್ಲಗೆ. “ಅವಳಿಗೆ ಹೇಳ್ಬೇಡ. ಆಮೇಲೆ ನೀನು ನಮ್ಮನೆಗೆ ಬರೋದೇ ಬಿಡ್ತೀಯ.”

ಬೀಡಿ ಬಿಟ್ಟು, ಮೂರು ವರ್ಷ ಅದೇ ಕಾಲಿನಲ್ಲಿ ನಡೆದಾಡಿದರು. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಅಕ್ಕ ನನ್ನನ್ನು ಮನೆಯವರ ಸಾಲಿನಲ್ಲೇ ಕೂರಿಸಿದರು. “ಇವನು ಕರ್ಕೊಂಡ್ ಹೋಗ್ದಿದ್ರೆ ಅವರ ಕಾಲು ಉಳೀತಿರ್ಲಿಲ್ಲ,” ಎಂದು ನೆಂಟರೆದುರು ಹೇಳಿದರು.

ನಾನು ತಲೆ ಎತ್ತದೆ ಅನ್ನ ಕಲಸಿದೆ.