ಬೆನ್ನಿಗೆ ಬಂದ ವಾಸನೆ

ಪವಾಡದ ಮಾತೆತ್ತಿದವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟರಿಗೆ ಅದು ಅಭ್ಯಾಸವೇ ಆಗಿಬಿಡುತ್ತದೆ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಮಕ್ಕಳನ್ನು ಮಾಕಳಿದುರ್ಗ ಹತ್ತಿಸುವಾಗ ಬಂಡೆಯಿಂದ ಜಾರಿ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೂ ಚಲನೆಯೂ ಹೋದವು. ಆಮೇಲೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಂದು ಪ್ರಯೋಗಕ್ಕೆ ಒಪ್ಪಿಕೊಂಡೆ. ಮೂಗಿನೊಳಗೆ ವಾಸನೆಯ ನರಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು ತೆಗೆದು, ಬೆಳೆಸಿ, ಬೆನ್ನುಹುರಿಯ ಗಾಯದ ಜಾಗಕ್ಕೆ ಸೇರಿಸುತ್ತಾರೆ. ತುಂಡಾದ ನರಗಳು ಮತ್ತೆ ಬೆಳೆಯಲು ಅವು ದಾರಿ ಮಾಡಿಕೊಟ್ಟಾವು ಎಂಬ ಆಸೆ. "ನಡೀತೀರ ಅಂತ ಮಾತು ಕೊಡಲ್ಲ ಮೇಷ್ಟ್ರೇ," ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನ್ನ ಹೆಂಡತಿ ಸಾವಿತ್ರಿ ಮಾತ್ರ, "ಮೂಗಿಂದು ಬೆನ್ನಿಗಾ? ಇನ್ಮೇಲೆ ನಿಮ್ಗೆ ಬೆನ್ನಲ್ಲೂ ಸೀನು ಬರತ್ತೆ ನೋಡ್ರೀ," ಎಂದು ನಕ್ಕಿದ್ದಳು.

ಅದಾಗಿ ವರ್ಷದ ಮೇಲೆ, ದೊಡ್ಡಬೆಳವಂಗಲದ ನಮ್ಮ ಮನೆಯಲ್ಲಿ ಇಬ್ಬರಿಗೂ ಭಾರಿ ನೆಗಡಿ. ಮೂಗು ಎಷ್ಟು ಕಟ್ಟಿತ್ತೆಂದರೆ ಮೆಣಸಿನ ಸಾರೂ ಬಿಸಿನೀರಿನಂತಿತ್ತು. ಸಂಜೆ ನಾನು ಅಡುಗೆಮನೆಗೆ ಬೆನ್ನು ಮಾಡಿ ಗಾಲಿಕುರ್ಚಿಯಲ್ಲಿ ಕೂತು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಹೊರಗಿನಿಂದ ಬಂದ ಸಾವಿತ್ರಿ ಕಾಫಿ ಮಾಡಲು ಒಳಗೆ ಹೋದಳು. ಆಗ ಬಂತು, ಗ್ಯಾಸಿನ ವಾಸನೆ. ಮೂಗಿಗಲ್ಲ. ಬೆನ್ನಿನ ಹೊಲಿಗೆಯ ಗುರುತಿನ ಹತ್ತಿರ. ಇದನ್ನು ಹೇಗೆ ಬರೆಯಬೇಕೋ ತಿಳಿಯದು. ಅಲ್ಲಿ ವಾಸನೆ ಬಂತು, ಅಷ್ಟೇ.

"ಹಚ್ಬೇಡ ಕಣೇ! ಗ್ಯಾಸು!" ಎಂದು ಕಿರುಚಿದೆ.

ಲೈಟರು ಆಗಲೇ ಅವಳ ಕೈಯಲ್ಲಿತ್ತು. ನೋಡಿದರೆ ಇಲಿ ಪೈಪು ಕಡಿದಿದೆ. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲೆಲ್ಲ ತೆಗೆದು, ನನ್ನ ಕುರ್ಚಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ ಮೇಲೆ ಅವಳು ಕೇಳಿದಳು: "ಒಲೆ ಮುಂದೇನೇ ಇದ್ದೆ, ನನ್ಗೇ ಗೊತ್ತಾಗ್ಲಿಲ್ಲ. ನಿಮ್ಗೆ ಹೆಂಗ್ರೀ ಗೊತ್ತಾಯ್ತು?"

ಡಾಕ್ಟರಿಗೆ ಹೇಳಿದಾಗ ಜೋರಾಗಿ ನಕ್ಕರು. ಆ ಕೋಶಗಳು ವಾಸನೆ ಹಿಡಿಯುವುದಿಲ್ಲ, ಸುಯ್ ಎಂಬ ಸದ್ದು ಕೇಳಿಸಿರಬೇಕು ಎಂದರು. ಇರಬಹುದು. ಆದರೆ ಆ ಕ್ರಿಕೆಟ್ ಗದ್ದಲದಲ್ಲಿ?

ಮುಂದಿನ ಸಲ ನೆಗಡಿಯಾದಾಗ ಪರೀಕ್ಷೆಯನ್ನೂ ಮಾಡಿದೆವು. ಸಾವಿತ್ರಿ ನನ್ನ ಬೆನ್ನ ಹಿಂದೆ ಇಂಗು, ಮಲ್ಲಿಗೆ, ಕೊನೆಗೆ ಸೊಗಡಿನ ಅವರೆಕಾಯಿ ಹಿಡಿದಳು. ಏನೂ ಗೊತ್ತಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾನಿನ್ನೂ ನಡೆಯುವುದಿಲ್ಲ. ಬಲಗಾಲಿನ ಹೆಬ್ಬೆರಳಿಗೆ ತಣ್ಣೀರು ಬಿದ್ದರೆ ಈಗ ತಿಳಿಯುತ್ತದೆ. ಡಾಕ್ಟರಿಗೆ ಅದರದ್ದೇ ಸಂಭ್ರಮ. "ಉಳ್ಕೊಂಡ್ವಲ್ಲ, ಸಾಕು ಬಿಡ್ರೀ," ಎನ್ನುತ್ತಾಳೆ ಸಾವಿತ್ರಿ. ನಾನೂ ಸಾಕೆನ್ನುತ್ತೇನೆ. ಆದರೂ ಒಬ್ಬನೇ ಇರುವಾಗ ಕೈ ತಾನಾಗಿ ಬೆನ್ನಿಗೆ ಹೋಗುತ್ತದೆ. ಅಂದು ಅಲ್ಲಿ ಆದದ್ದೇನೆಂದು ನನಗೆ ಈಗಲೂ ಗೊತ್ತಿಲ್ಲ.